ನೂರಾ ಹದಿನೇಳನೇ ಬಾಯಿ

ನಮ್ಮ ಅಕ್ಕನಿಗೆ ಈಗ ಎಪ್ಪತ್ತೊಂದು. ಅದರಲ್ಲಿ ನಲವತ್ತಾರು ವರ್ಷ ಅವಳು ಊರವರ ಬಾಯಿಗೆ ಹಲ್ಲು ಕಟ್ಟುತ್ತ ಕಳೆದಿದ್ದಾಳೆ. ಹಾಗಂತ ಅವಳು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಕ್ಕ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡಿನ ಸಮೇತ ಪೂರ್ತಿ ಸೆಟ್ ಮಾಡಿ ವಾಪಸ್ ಕಳಿಸುತ್ತಾಳೆ. ಬೋರ್ಡಿನ ಮೇಲೆ ಹೆಸರು ಡಾಕ್ಟರದು, ರೋಗಿ ಉಪಕಾರ ಸ್ಮರಿಸುವುದೂ ಡಾಕ್ಟರನ್ನೇ. ಅಕ್ಕ ಎಂಬುವಳೊಬ್ಬಳು ಇದ್ದಾಳೆ ಎಂದು ಆ ಹಲ್ಲಿನಲ್ಲಿ ಅಗಿಯುವವರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಮಾತ್ರ ಅವಳು ಎಲ್ಲರ ಬಾಯಲ್ಲೂ ಹಲ್ಲಕ್ಕ.

ಈ ದೇಶವನ್ನು ಹತ್ತೊಂಬತ್ತು ವರ್ಷ ಆಳಿದ ಮಾಜಿ ಅಧ್ಯಕ್ಷನ ಹಲ್ಲನ್ನೂ ಅಕ್ಕನೇ ಕಟ್ಟಿದ್ದು. ಅಕ್ಕನ ಗಂಡನನ್ನು ಕೊಲ್ಲಿಸಿದವನೂ ಅವನೇ. ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದು ಬರೆಯುವಾಗ ನನ್ನ ಪೆನ್ನು ಈಗಲೂ ಕಾಗದ ಹರಿಯುತ್ತದೆ. ವಯಸ್ಸಿಗಲ್ಲ, ಸಿಟ್ಟಿಗೆ.

ಅವನು ಎಂದೇ ಬರೆಯುತ್ತೇನೆ. ನಾನು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದವಳು. ಹದಿನೇಳು ವರ್ಷ ಏಳನೇ ತರಗತಿಯ ಮಕ್ಕಳಿಗೆ ಅವನ ಜೀವನಚರಿತ್ರೆಯನ್ನು ‘ಅವರು’, ‘ಅವರು’ ಎಂದು ಬಾಯಿಪಾಠ ಮಾಡಿಸಿದ್ದೇನೆ. ಪುಸ್ತಕದಲ್ಲಿ ಆರು ಪುಟ, ನಾಲ್ಕು ಚಿತ್ರ. ಬಡ ಸ್ಟೇಷನ್ ಮಾಸ್ತರರ ಮಗನಾಗಿ ಹುಟ್ಟಿದ್ದು, ಲಾಂದ್ರದ ಬೆಳಕಲ್ಲಿ ಓದಿದ್ದು, ಸೈನ್ಯ ಸೇರಿದ್ದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ದೇಶ ಕಷ್ಟದಲ್ಲಿದೆ ಎಂದು ಮೂರೇ ಮೂರು ತಿಂಗಳ ಮಟ್ಟಿಗೆ ಅಧಿಕಾರ ವಹಿಸಿಕೊಂಡಿದ್ದು. ಆ ಮೂರು ತಿಂಗಳು ಹತ್ತೊಂಬತ್ತು ವರ್ಷ ಹೇಗಾಯಿತು ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಅವಳಿಗೆ ಕೂತುಕೋ ಎಂದೆ. ಅಷ್ಟೇ ಹೇಳಿದ್ದು. ಆ ಹುಡುಗಿಯ ಮುಖ ನೆನಪಾದಾಗಲೆಲ್ಲ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ. ಅವನು ಕುರ್ಚಿಯಿಂದ ಬಿದ್ದ ವಾರ ಸುತ್ತೋಲೆ ಬಂತು, ಆ ಆರು ಪುಟಗಳನ್ನು ಒಂದಕ್ಕೊಂದು ಅಂಟಿಸಬೇಕು ಎಂದು. ಅಂಟಿನ ಡಬ್ಬಿ ಹಿಡಿದು ಬೆಂಚಿನಿಂದ ಬೆಂಚಿಗೆ ಹೋದವಳೂ ನಾನೇ.

ಪುಸ್ತಕದಲ್ಲಿ ಇಲ್ಲದ್ದೊಂದನ್ನು ಅಕ್ಕ ಬಲ್ಲಳು. ಐವತ್ತೆರಡಕ್ಕೇ ಅವನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ವಸಡು ಕೊಳೆತು ಎಲ್ಲವನ್ನೂ ಕೀಳಿಸಿದ್ದ. ಆಗ ಅಕ್ಕ ಸರ್ಕಾರಿ ದಂತ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೆಲಸಕ್ಕಿದ್ದಳು. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆಲ್ಲ ಬಿಳಿ ಪುಡಿ, ಮೂಲೆಯಲ್ಲಿ ಮೇಣ ಕರಗಿಸುವ ಸ್ಟೌ. ಅಲ್ಲಿಗೆ ಅಚ್ಚುಗಳು ಬರುತ್ತಿದ್ದದ್ದು ಹೆಸರಿಲ್ಲದೆ, ನಂಬರಿನ ಚೀಟಿಯ ಜೊತೆ. ಒಂದು ದಿನ ದೊಡ್ಡ ಡಾಕ್ಟರು ತಾವೇ ಒಂದು ಅಚ್ಚು ಹಿಡಿದುಕೊಂಡು ಬಂದರು. ಚೀಟಿಯಲ್ಲಿ ನೂರಾ ಹದಿನೇಳು ಎಂದಿತ್ತು.

ಅಕ್ಕ ಮಾಡುವ ಪ್ರತಿ ಸೆಟ್ಟಿನಲ್ಲೂ ಮುಂದಿನ ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಎಲ್ಲ ನೇರವಾಗಿದ್ದರೆ ಕಟ್ಟಿಸಿದ ಹಲ್ಲೆಂದು ನೋಡಿದವರಿಗೆ ಗೊತ್ತಾಗಿಬಿಡುತ್ತದಂತೆ. ಯಾವ ನಂಬರಿಗೆ ಯಾವ ಹಲ್ಲನ್ನು ಎಷ್ಟು ತಿರುಗಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಸೆಟ್ಟಿನ ಒಳಬದಿಯಲ್ಲಿ, ವಸಡಿಗೆ ತಾಗುವ ಕಡೆ, ಸೂಜಿಯಿಂದ ನಂಬರು ಕೊರೆಯುತ್ತಾಳೆ. ಅದು ಅವಳ ಪದ್ಧತಿ, ಯಾರೂ ಹೇಳಿಕೊಟ್ಟದ್ದಲ್ಲ.

ಹೊಸ ಹಲ್ಲು ಹಾಕಿಕೊಂಡ ವಾರವೇ ಅವನು ರೇಡಿಯೊದಲ್ಲಿ ಒಂದೂವರೆ ಗಂಟೆ ಭಾಷಣ ಬಿಗಿದ. ‘ಸ’ ಬಂದಲ್ಲೆಲ್ಲ ಸೀಟಿ. ಸಹೋದರ ಸಹೋದರಿಯರೇ ಎನ್ನುವಷ್ಟರಲ್ಲಿ ಎರಡು ಸೀಟಿ ಆಗಿತ್ತು. ಊರಿಗೆ ಊರೇ ತಲೆದಿಂಬಿಗೆ ಮುಖ ಒತ್ತಿಕೊಂಡು ನಕ್ಕಿತು. ಟೀ ಅಂಗಡಿಯಲ್ಲಿ ಆ ಭಾಷಣವನ್ನು ಅಣಕಿಸಿದ ಮೂವರನ್ನು ಎಳೆದುಕೊಂಡು ಹೋದರು, ಒಬ್ಬ ಎರಡು ವರ್ಷದ ಮೇಲೆ ಬಂದ, ಇಬ್ಬರು ಬರಲೇ ಇಲ್ಲ. ದೊಡ್ಡ ಡಾಕ್ಟರು ಬೆವರು ಸುರಿಸುತ್ತ ಸೆಟ್ ತಂದರು. ಅಕ್ಕ ಮುಂದಿನ ಹಲ್ಲುಗಳ ಹಿಂಬದಿಯನ್ನು ನಾಲ್ಕು ಸಲ ಉಜ್ಜಿಕೊಟ್ಟಳು, ಸೀಟಿ ನಿಂತಿತು. ಆ ಬಾಯಿ ಯಾರದೆಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ. ಅವಳು ರೇಡಿಯೊ ಕೇಳುವವಳಲ್ಲ.

ಗೊತ್ತಾದದ್ದು ಮರುವರ್ಷ.

ನಮ್ಮ ಭಾವ ಬಸ್ ಡ್ರೈವರು. ಬಾಯಿ ದೊಡ್ಡದು, ಹಾರನ್ ಇನ್ನೂ ದೊಡ್ಡದು. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಹೆಸರು ಬೀಳುವಷ್ಟರಲ್ಲಿ ಗೊರಕೆ ಹೊಡೆಯುವ ಮನುಷ್ಯ. ಅವರದು ಕ್ರಾಂತಿ ಗೀಂತಿ ಏನೂ ಇರಲಿಲ್ಲ. ಡ್ರೈವರುಗಳಿಗೆ ಹದಿನಾಲ್ಕು ಗಂಟೆಯ ಪಾಳಿ ಹಾಕಿದ್ದರು, ನಡುವೆ ಇಳಿದರೆ ದಂಡ. ಮೂತ್ರಕ್ಕೆ ಇಳಿಯಲು ಐದು ನಿಮಿಷ ಕೊಡಿ ಎಂದು ಅರ್ಜಿ ಬರೆದು, ನಲವತ್ತೊಂದು ಜನ ಸಹಿ ಹಾಕಿ, ಡಿಪೋ ಗೇಟಿನ ಮುಂದೆ ನಿಂತರು. ಬೆಳಿಗ್ಗೆ ಒಂಬತ್ತು ಗಂಟೆ. ಸೈನ್ಯದ ಲಾರಿಗಳು ಬಂದವು. ಸಹಿ ಹಾಕಿದ ನಲವತ್ತೊಂದು ಜನರಲ್ಲಿ ಒಬ್ಬರೂ ಮನೆಗೆ ಬರಲಿಲ್ಲ. ಹೆಣಗಳನ್ನು ಅದೇ ಲಾರಿಗಳಲ್ಲಿ ತುಂಬಿಕೊಂಡು ಹೋದರು ಎಂದು ಎದುರಿನ ಟಯರ್ ಅಂಗಡಿಯವನು ಪಿಸುಗುಟ್ಟಿದ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಟಿ.ವಿ.ಯಲ್ಲಿ ಅವನು ಕಾಣಿಸಿಕೊಂಡ. ಅಕ್ಕ, ಒಂಬತ್ತು ವರ್ಷದ ಅವಳ ಮಗಳು, ನಾನು ನೋಡುತ್ತ ಕೂತಿದ್ದೆವು. ಡಿಪೋದಲ್ಲಿ ಶಾಂತಿ ನೆಲೆಸಿದೆ, ಯಾರೂ ಸತ್ತಿಲ್ಲ, ಕೆಲವು ಡ್ರೈವರುಗಳು ಹೆಂಡತಿ ಮಕ್ಕಳನ್ನು ಬಿಟ್ಟು ಗಡಿ ದಾಟಿ ಓಡಿಹೋಗಿದ್ದಾರೆ ಎಂದ. ಹೇಳಿ ನಕ್ಕ. ಹಲ್ಲು ಕಾಣುವ ಹಾಗೆ, ಕ್ಯಾಮೆರಾಕ್ಕೆ ಮುಖ ಕೊಟ್ಟು ನಕ್ಕ.

ಅಕ್ಕ ಟಿ.ವಿ.ಯ ಹತ್ತಿರ ಹೋಗಿ ಮಂಡಿಯೂರಿ ಕೂತಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ.

“ಇದು ನನ್ನ ಹಲ್ಲು,” ಎಂದಳು. “ಎಡಗಡೆ ಎರಡನೇದು ಓರೆ. ನೂರಾ ಹದಿನೇಳು.”

ನಾನಾಗಿದ್ದರೆ ಆ ಟಿ.ವಿ.ಯನ್ನು ಎತ್ತಿ ಒಗೆಯುತ್ತಿದ್ದೆ. ಅವಳು ಎದ್ದು ಮಗಳಿಗೆ ತಲೆ ಬಾಚಿದಳು.

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಅದೇ ಜಗಳ. ಎರಡು ಮೂರು ವರ್ಷಕ್ಕೊಮ್ಮೆ ಸೆಟ್ ರಿಪೇರಿಗೆ ಬರುತ್ತಿತ್ತು. ವಸಡು ಸವೆದಂತೆ ಒಳಗೆ ಹೊಸ ಪದರ ಕೊಡಬೇಕು, ಸವೆದ ಹಲ್ಲು ಬದಲಿಸಬೇಕು.

“ಒಂದು ಕಡೆ ಚುಚ್ಚೋ ಹಾಗೆ ಮಾಡಿಕೊಡೇ,” ಎಂದು ನಾನು ಗೋಗರೆಯುತ್ತಿದ್ದೆ. “ಊಟ ಮಾಡುವಾಗಲಾದ್ರೂ ಸಾಯಲಿ.”

“ಬಾಯಿಗೆ ಸರಿಯಾಗಿ ಕೂರದ ಹಲ್ಲು ನನ್ನ ಕೈಯಿಂದ ಹೊರಗೆ ಹೋಗಲ್ಲ.”

“ಅದು ಯಾರ ಬಾಯಿ ಅಂತ ಗೊತ್ತಿದ್ದೂ?”

“ಬಾಯಿ ಬಾಯೇ ಕಣೇ. ಇಷ್ಟಕ್ಕೂ ನೀನು ನಾಳೆ ಕ್ಲಾಸಲ್ಲಿ ಏನು ಪಾಠ ಮಾಡ್ತೀಯ, ಹೇಳು ನೋಡೋಣ ಟೀಚರಮ್ಮ. ನೀನು ಅದನ್ನ ನಿಲ್ಲಿಸು, ನಾನು ಇದನ್ನ ನಿಲ್ಲಿಸ್ತೀನಿ.”

ನನ್ನ ಬಾಯಿ ಮುಚ್ಚಿಸಲು ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಅವಳಿಗೆ ಮಗಳನ್ನು ಓದಿಸಬೇಕಿತ್ತು, ನನಗೆ ಕೆಲಸ ಉಳಿಸಿಕೊಳ್ಳಬೇಕಿತ್ತು. ನಮ್ಮ ಜಗಳ ಗೋಡೆ ದಾಟಿ, ಡ್ರೈವರುಗಳ ಹೆಂಡಿರಲ್ಲಿ ಕೆಲವರು ಅಕ್ಕನ ಮುಖ ನೋಡುವುದನ್ನೇ ಬಿಟ್ಟರು. ಬಿಡದೆ ಇನ್ನೇನು ಮಾಡುತ್ತಾರೆ? ಗಂಡನನ್ನು ಕೊಂದವನಿಗೆ ಅಗಿಯಲು ಹಲ್ಲು ಮಾಡಿಕೊಡುವವಳು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ. ನನಗೇ ಉರಿಯುತ್ತಿತ್ತು.

ಅವನು ಕುರ್ಚಿ ಕಳೆದುಕೊಂಡು ಹದಿನಾರು ವರ್ಷವಾಯಿತು. ಜೈಲಿಗೇನೂ ಹೋಗಲಿಲ್ಲ. ತನ್ನ ಬಂಗಲೆಯಲ್ಲೇ, ಬಾಗಿಲಿಗೆ ಇಬ್ಬರು ಪೊಲೀಸರನ್ನು ನಿಲ್ಲಿಸಿಕೊಂಡು, ಹಾಯಾಗಿದ್ದ. ಮೂರು ಆಯೋಗಗಳು ಕೂತವು, ಎದ್ದವು. ಅವನನ್ನು ಹೊಗಳುವವರು ಈಗಲೂ ಕಡಿಮೆಯಿಲ್ಲ. ನಮ್ಮ ಎದುರು ಮನೆಯಲ್ಲೇ ಒಬ್ಬರು ನಿವೃತ್ತ ಗುಮಾಸ್ತರಿದ್ದಾರೆ. “ಏನೇ ಹೇಳಿ ಟೀಚರ್, ಅವರ ಕಾಲದಲ್ಲಿ ಬಸ್ಸು ಒಂದು ನಿಮಿಷ ತಪ್ಪದೆ ಬರ್ತಿತ್ತು,” ಎಂದು ದಿನಾ ಸಂಜೆ ಗೇಟಿನಲ್ಲಿ ನಿಂತು ಕೊರೆಯುತ್ತಾರೆ. “ಬರದೆ ಏನು ಮಾಡುತ್ತೆ ಸ್ವಾಮಿ, ತಡವಾಗಿ ಬರೋ ಡ್ರೈವರನ್ನೆಲ್ಲ ಹೂತಾಗಿತ್ತಲ್ಲ,” ಎಂದು ಒಂದು ದಿನ ಹೇಳಿಬಿಟ್ಟೆ. ಎರಡು ವಾರ ಮಾತು ಬಿಟ್ಟರು. ಎಂಥ ನೆಮ್ಮದಿಯ ಎರಡು ವಾರ.

ಡಿಪೋ ಮೊಕದ್ದಮೆ ಕೋರ್ಟಿಗೆ ಬಂದದ್ದು ಐದು ವರ್ಷದ ಹಿಂದೆ. ದೂರು ಕೊಟ್ಟ ನಲವತ್ತೊಂದು ಮನೆಗಳಲ್ಲಿ ಆ ಹೊತ್ತಿಗೆ ಉಳಿದವರು ಒಂಬತ್ತು ಹೆಂಗಸರು. ಅವರಲ್ಲಿ ಅಕ್ಕನೂ ಒಬ್ಬಳು. ಗುಂಡು ಹಾರಿಸಿ ಎಂದವರು ಯಾರು ಎಂದು ಕೋರ್ಟಿಗೆ ಬೇಕಿತ್ತು. ಅಕ್ಕನಿಗೆ ಅದು ಗೊತ್ತೇ ಇತ್ತು. ಭಾವನ ಹೆಣವನ್ನು ಎಲ್ಲಿ ಹೂತರು ಎಂಬುದೊಂದು ಅವಳಿಗೆ ಬೇಕಿತ್ತು. ಅದನ್ನು ಹೇಳಬಲ್ಲವರಲ್ಲಿ ಬದುಕಿದ್ದವನು ಅವನೊಬ್ಬನೇ.

ಅವನಿಗೆ ಸಮನ್ಸು ಹೋದದ್ದೇ ತಡ, ಕಾಯಿಲೆ ಶುರುವಾಯಿತು. ಮೊದಲು ಎದೆನೋವು, ಆಮೇಲೆ ಸೊಂಟ, ಆಮೇಲೆ ಮರೆವು. ಕೊನೆಗೆ ಹಲ್ಲಿನ ಡಾಕ್ಟರೂ ಸೇರಿದಂತೆ ಐದು ಜನ ಡಾಕ್ಟರರ ಮಂಡಳಿ ವರದಿ ಕೊಟ್ಟಿತು. ಹದಿನಾಲ್ಕು ತಿಂಗಳಿಂದ ಮಾತಿಲ್ಲ, ಯಾರ ಗುರುತೂ ಇಲ್ಲ, ಹೇಳಿದ್ದು ಅರ್ಥವಾಗುವುದಿಲ್ಲ, ಮೂಗಿನ ಟ್ಯೂಬಿನಿಂದಲೇ ಆಹಾರ, ಅಂದಿನಿಂದ ಹಲ್ಲಿನ ಸೆಟ್ಟನ್ನು ಬಾಯಿಗೆ ಹಾಕಿಯೇ ಇಲ್ಲ. ಇಂಥವನನ್ನು ವಿಚಾರಣೆ ಮಾಡುವ ಹಾಗಿಲ್ಲ. ವರದಿಯನ್ನು ಕೋರ್ಟು ಒಪ್ಪಿದರೆ ಮೊಕದ್ದಮೆ ಮುಗಿದ ಹಾಗೆ. ಶುಕ್ರವಾರ ತೀರ್ಮಾನ ಎಂದು ನಮ್ಮ ವಕೀಲ ಬಂದು ತಲೆ ತಗ್ಗಿಸಿಕೊಂಡು ಹೇಳಿಹೋದ.

ಆ ವಾರದ ಸೋಮವಾರ ಕ್ಲಿನಿಕ್ಕಿನ ಕಾಂಪೌಂಡರ್ ಎಂದಿನಂತೆ ಅಕ್ಕನ ಮನೆಗೆ ಪ್ಲಾಸ್ಟಿಕ್ ಡಬ್ಬಿ ತಂದ. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದಳು. ದೊಡ್ಡ ಡಾಕ್ಟರು ತೀರಿಕೊಂಡಿದ್ದರು, ಅವರ ಕ್ಲಿನಿಕ್ಕನ್ನು ಅಳಿಯ ನಡೆಸುತ್ತಿದ್ದ. ಅಲ್ಲಿಯ ರಿಪೇರಿಯೆಲ್ಲ ಹಳೆಯ ರೂಢಿಯಂತೆ ನಂಬರಿನ ಚೀಟಿಯೊಂದಿಗೆ ಅಕ್ಕನಿಗೇ ಬರುತ್ತಿತ್ತು. ಆ ದಿನ ಡಬ್ಬಿಯಲ್ಲಿ ನಾಲ್ಕು ಸೆಟ್ಟುಗಳಿದ್ದವು. ಮೂರನೆಯದು, ನಡುವೆ ಬಿರುಕು ಬಿಟ್ಟ ಕೆಳಗಿನ ಸೆಟ್, ನೂರಾ ಹದಿನೇಳು.

ಇದಕ್ಕೆ ಏನೆನ್ನಬೇಕು? ಐವರು ಡಾಕ್ಟರರು, ನಾಲ್ವರು ವಕೀಲರು, ಬಾಗಿಲಿಗೆ ಪೊಲೀಸು, ಎಲ್ಲ ಇಟ್ಟುಕೊಂಡಿದ್ದವನ ಮನೆಯವರು ಒಂದನ್ನು ಮಾತ್ರ ಯೋಚಿಸಲಿಲ್ಲ. ಕ್ಲಿನಿಕ್ಕಿಗೆ ಕೊಟ್ಟ ಹಲ್ಲನ್ನು ಯಾರೋ ಒಬ್ಬರು ಕೂತು ರಿಪೇರಿ ಮಾಡುತ್ತಾರೆ, ಅವರಿಗೂ ಒಂದು ಮನೆ, ಒಬ್ಬ ಗಂಡ ಇದ್ದಿರಬಹುದು ಎಂದು ಮೂವತ್ತೆರಡು ವರ್ಷದಲ್ಲಿ ಒಬ್ಬನ ತಲೆಗೂ ಹೊಳೆದಿರಲಿಲ್ಲ. ಕೆಲಸ ಮಾಡುವವರು ಅವರ ಕಣ್ಣಿಗೆ ಎಂದೂ ಬಿದ್ದವರಲ್ಲ.

ನಾನು ಅಕ್ಕನ ಮನೆಗೆ ಹೋದದ್ದು ಗುರುವಾರ. ಅವಳು ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಎದುರಿಗೆ ಎರಡು ಪ್ಲಾಸ್ಟರ್ ಮಾದರಿಗಳು, ಒಂದು ಬೆಂಕಿಪೆಟ್ಟಿಗೆ.

“ಕೂತ್ಕೋ. ಒಂದು ತೋರಿಸ್ತೀನಿ. ಕೂಗಾಡಬೇಡ.”

ತೋರಿಸಿದಳು. ರಿಪೇರಿಗೆ ಬಂದ ಪ್ರತಿ ಸೆಟ್ಟಿನ ಮಾದರಿಯನ್ನು ಬಂದಾಗಲೊಮ್ಮೆ, ಕಳಿಸುವಾಗಲೊಮ್ಮೆ ಅವಳು ತೆಗೆದಿಡುತ್ತಾಳೆ. ಒಂದು ಮಾದರಿ ಹದಿನೈದು ತಿಂಗಳ ಹಿಂದಿನದು. ಆಗ ಇದೇ ಸೆಟ್ಟು ಬಂದಿತ್ತು, ಎಡಗಡೆಯ ಎರಡು ದವಡೆ ಹಲ್ಲು ಸವೆದಿದ್ದಕ್ಕೆ ಹೊಸದು ಹಾಕಿದ್ದಳು. ಮಾದರಿಯಲ್ಲಿ ಆ ಎರಡೂ ಹಲ್ಲಿನ ಮೇಲೆ ಏಣುಗಳು ಚೂಪಾಗಿದ್ದವು. ಇನ್ನೊಂದು ಮಾದರಿ ಈ ಸೋಮವಾರದ್ದು. ಅದರಲ್ಲಿ ಅವೇ ಎರಡು ಹಲ್ಲು ನುಣ್ಣಗೆ, ಚಪ್ಪಟೆಯಾಗಿ, ಒಂದು ಕಡೆಗೆ ವಾಲಿ ಸವೆದಿದ್ದವು.

“ಇದು ಟ್ಯೂಬಲ್ಲಿ ಗಂಜಿ ಕುಡಿಯೋರ ಹಲ್ಲಲ್ಲ,” ಎಂದಳು ಅಕ್ಕ. “ಅವರು ದಿನಾ ಮೂರು ಹೊತ್ತು ಅಗಿದಿದ್ದಾರೆ. ಗಟ್ಟಿ ಪದಾರ್ಥಾನೇ ಅಗಿದಿದ್ದಾರೆ. ಎಡಗಡೆ ಹೆಚ್ಚು ಅಗಿದು ಅಗಿದೇ ನಡುವೆ ಸೀಳಿರೋದು.”

ನಾನು ಮೇಜಿನ ಮೇಲೆಲ್ಲ ಕಣ್ಣಾಡಿಸಿದೆ. “ಸೆಟ್ ಎಲ್ಲಿ?”

“ಬಂದ ತಕ್ಷಣ ತೊಳೆದೆ. ಯಾವ ಸೆಟ್ ಬಂದ್ರೂ ಮೊದಲು ಔಷಧಿ ನೀರಲ್ಲಿ ನೆನೆಸಿ ಬ್ರಷ್ ಹಾಕೋದು ತಾನೇ. ತೊಳೆದ ಮೇಲೆ ನಂಬರು ನೋಡಿದ್ದು. ಸಂದಿಯಲ್ಲಿ ಹುರಿದ ಕಡಲೆಬೀಜದ ಚೂರು ಸಿಕ್ಕಿಕೊಂಡಿತ್ತು ಕಣೇ. ಎಲ್ಲ ನೀರಲ್ಲಿ ಹೋಯ್ತು.”

“ಹೋಗಲಿ. ಸೆಟ್ ಎಲ್ಲಿ ಅಕ್ಕಾ?”

“ಬಿರುಕು ಕೂಡಿಸಿದೆ. ಸವೆದ ಎರಡು ಹಲ್ಲು ಕಿತ್ತು ಹೊಸದು ಕೂರಿಸಿದೆ, ಇಲ್ಲದಿದ್ರೆ ಮತ್ತೆ ಸೀಳುತ್ತೆ. ಪಾಲಿಶ್ ಮಾಡಿದೆ.” ಅವಳು ನನ್ನ ಮುಖ ನೋಡಲಿಲ್ಲ. “ನಿನ್ನೆ ಕಾಂಪೌಂಡರ್ ಬಂದಿದ್ದ. ಕೊಟ್ಟೆ.”

ಕೂಗಾಡಬೇಡ ಎಂದಿದ್ದಳು. ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಮೂವತ್ತೊಂದು ವರ್ಷದ ಮೇಲೆ ಅವನ ಜುಟ್ಟು ಕೈಗೆ ಸಿಕ್ಕಿತ್ತು, ಇವಳು ಅದನ್ನು ತೊಳೆದು, ಬಾಚಿ, ಪಾಲಿಶ್ ಮಾಡಿ ವಾಪಸ್ ಕಳಿಸಿದ್ದಳು. ಬಾಯಿಗೆ ಬಂದದ್ದೆಲ್ಲ ಬೈದೆ. ದಡ್ಡಿ ಎಂದೆ, ಹೇಡಿ ಎಂದೆ, ಭಾವನ ಹೆಸರು ಹೇಳುವ ಯೋಗ್ಯತೆ ನಿನಗಿಲ್ಲ ಎಂದೆ.

“ನನ್ನ ಕೈಗೆ ಬಂದ ಹಲ್ಲನ್ನ ವಾಪಸ್ ಕೊಡದೆ ಇಟ್ಕೊಂಡಿದ್ದು ಇವತ್ತಿನವರೆಗೆ ಇಲ್ಲ,” ಎಂದಳು ಅವಳು.

“ಅವನು ಭಾವನ್ನ ವಾಪಸ್ ಕೊಟ್ನಾ?”

ಅಕ್ಕ ಬೆಂಕಿಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. ಅದರಲ್ಲಿ ಅವಳು ಕಿತ್ತಿದ್ದ ಆ ಎರಡು ಸವೆದ ಹಲ್ಲುಗಳಿದ್ದವು. “ವಕೀಲರನ್ನ ಕರಿ,” ಎಂದಳು. ಅವಳ ದವಡೆ ಬಿಗಿದುಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಇವಳಿಗೆ ಸಿಟ್ಟೇ ಇಲ್ಲವೆಂದು ತಿಳಿದಿದ್ದೆ. ಎಂಥ ಪೆದ್ದಿ ನಾನು.

ಶುಕ್ರವಾರ ಕೋರ್ಟಿನಲ್ಲಿ ಫ್ಯಾನು ಕೆಟ್ಟಿತ್ತು. ಕಿಟಕಿಯ ಪಕ್ಕ ಒಂಬತ್ತು ಜನ ಹೆಂಗಸರು ಒತ್ತಾಗಿ ಕೂತಿದ್ದರು. ಅವನನ್ನು ಗಾಲಿಕುರ್ಚಿಯಲ್ಲಿ ತಂದರು. ವರದಿ ಓದುವ ಮುಂಚೆ ತಾವೇ ಕಣ್ಣಾರೆ ನೋಡಬೇಕೆಂದು ನ್ಯಾಯಾಧೀಶೆ ಹಟ ಹಿಡಿದಿದ್ದರಂತೆ. ಮೂಗಿಗೆ ಟ್ಯೂಬು ಅಂಟಿಸಿದ್ದರು, ತೊಡೆಯ ಮೇಲೆ ಕಂಬಳಿ, ಹಲ್ಲಿಲ್ಲದ ಬಾಯಿ ಜೋತುಬಿದ್ದಿತ್ತು, ಕಣ್ಣು ಚಾವಣಿಯ ಕಡೆ. ನೋಡಿದವರಿಗೆ ಅಯ್ಯೋ ಎನಿಸಬೇಕು, ಹಾಗೆ.

ನಮ್ಮ ವಕೀಲ ಎದ್ದು ಮಾದರಿಗಳನ್ನೂ ಬೆಂಕಿಪೆಟ್ಟಿಗೆಯನ್ನೂ ಮುಂದಿಟ್ಟ. ಅವನ ವಕೀಲ ನಕ್ಕುಬಿಟ್ಟ.

“ಸುಣ್ಣದ ಗೊಂಬೆ, ಎರಡು ಬಿಡಿ ಹಲ್ಲು. ಯಾರ ಬಾಯಿಂದ ಬಂತೋ ಯಾರಿಗೆ ಗೊತ್ತು? ಈಕೆ ದೂರು ಕೊಟ್ಟವರಲ್ಲೇ ಒಬ್ಬರು ಬೇರೆ.”

ನ್ಯಾಯಾಧೀಶೆ ಅಕ್ಕನನ್ನು ಕರೆದರು. ಇದನ್ನು ಹೇಗೆ ಗುರುತು ಹಿಡಿಯುತ್ತೀರಿ ಎಂದು ಕೇಳಿದರು. ಅಕ್ಕ ನೋಟ್‌ಬುಕ್ ತೆರೆದು ಓದಿದಳು, ಮೇಲಿನ ಸೆಟ್ಟಿನ ಎಡ ಎರಡನೇ ಹಲ್ಲು ಇಷ್ಟು ಓರೆ, ಎರಡೂ ಸೆಟ್ಟಿನ ಒಳಗೆ ನೂರಾ ಹದಿನೇಳು ಎಂದು ಸೂಜಿಯಲ್ಲಿ ಕೊರೆದಿದೆ. ತರಿಸಿ ನೋಡಿ ಎಂದಳು. ನ್ಯಾಯಾಧೀಶೆ ಕೋರ್ಟಿನ ಅಧಿಕಾರಿಯೊಬ್ಬರನ್ನು ಕೂಡಲೇ ಬಂಗಲೆಗೆ ಓಡಿಸಿದರು. ಮುಕ್ಕಾಲು ಗಂಟೆಯಲ್ಲಿ ಅವರು ಬಂದರು. ಮೇಲಿನ ಸೆಟ್ಟು ಹಾಸಿಗೆಯ ಪಕ್ಕ ನೀರಿನ ಬಟ್ಟಲಲ್ಲಿತ್ತಂತೆ. ಕೆಳಗಿನದನ್ನು ಕ್ಲಿನಿಕ್ಕಿನವರು ಅವತ್ತು ಬೆಳಿಗ್ಗೆಯಷ್ಟೇ ತಲುಪಿಸಿದ್ದರು, ಡಬ್ಬಿ ಊಟದ ಮೇಜಿನ ಮೇಲೆ ಹಾಗೇ ಇತ್ತಂತೆ. ನಂಬರು ಇತ್ತು. ಓರೆ ಹಲ್ಲೂ ಇತ್ತು.

ಅವನ ವಕೀಲ ಬಗ್ಗಲಿಲ್ಲ. “ಅವರದ್ದೇ ಇರಬಹುದು. ಮೊದಲು ಯಾವಾಗಲೋ ಸವೆದಿದ್ದು. ಹದಿನಾಲ್ಕು ತಿಂಗಳಿಂದ ಇದು ಬಾಯಿಗೆ ಹೋಗಿಲ್ಲ. ಮನೆಯವರು ಸುಮ್ಮನೆ ನೆನಪಿಗಂತ ರಿಪೇರಿ ಮಾಡಿಸಿದ್ದಾರೆ.”

“ಅಷ್ಟು ದಿನ ಹಾಕದೆ ಇಟ್ರೆ ವಸಡು ಕರಗಿ ಆಕಾರಾನೇ ಬದಲಾಗುತ್ತೆ ಅಮ್ಮಾ,” ಎಂದಳು ಅಕ್ಕ ನ್ಯಾಯಾಧೀಶೆಯ ಕಡೆ ತಿರುಗಿ. “ಆಮೇಲೆ ಹಾಕಿದ್ರೆ ಲೊಡಲೊಡ ಅಲ್ಲಾಡುತ್ತೆ. ಹಾಕಿ ನೋಡಬಹುದಲ್ಲ.”

ಮಂಡಳಿಯ ಹಲ್ಲಿನ ಡಾಕ್ಟರಿಗೆ ಸೆಟ್ಟು ಹಾಕಲು ನ್ಯಾಯಾಧೀಶೆ ಹೇಳಿದರು. ಆ ಮನುಷ್ಯ ನೆಲ ನೋಡಿಕೊಂಡು, ತಾನು ಕೈಗವಸು ತಂದಿಲ್ಲ ಎಂದ. ನಿಜವಾಗಿ ಹಾಗೇ ಎಂದ. ಅಕ್ಕನ ಚೀಲದಲ್ಲಿ ಕೈಗವಸು ಯಾವಾಗಲೂ ಇರುತ್ತದೆ. ನೀವೇ ಹಾಕಿ, ಡಾಕ್ಟರು ನೋಡಲಿ ಎಂದರು ನ್ಯಾಯಾಧೀಶೆ.

ಅಕ್ಕ ಅವನ ಮುಂದೆ ಬಾಗಿ ನಿಂತಳು. ಮೂವತ್ತೆರಡು ವರ್ಷ ಅವನ ಬಾಯಿಯ ಏರಿಳಿತವನ್ನೆಲ್ಲ ಬೆರಳ ತುದಿಯಲ್ಲಿ ಬಲ್ಲವಳು ಆ ಬಾಯಿಯನ್ನು ಎದುರಿಗೆ ಕಂಡದ್ದು ಅವತ್ತೇ. ಮೇಲಿನ ಸೆಟ್ಟನ್ನು ಏರಿಸಿದಳು. ಗಪ್ಪನೆ ಕೂತಿತು. ಬೆರಳಿನಿಂದ ಅಲ್ಲಾಡಿಸಿದಳು, ಕದಲಲಿಲ್ಲ. ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಕೆಳಗಿನದನ್ನೂ ಕೂರಿಸಿದಳು. ಹಲ್ಲು ಹಾಕಿದ ಮೇಲೆ ಯಾರಿಗಾದರೂ ಹೇಳುವ ಮಾತನ್ನೇ ಮೆಲ್ಲಗೆ ಹೇಳಿದಳು.

“ಕಚ್ಚಿ.”

ಅವನು ಕಚ್ಚಲಿಲ್ಲ. ಕಣ್ಣು ಚಾವಣಿಯ ಮೇಲೇ ಇತ್ತು. ಅಕ್ಕ ಎರಡು ಬೆರಳಿನಿಂದ ಅವನ ಗದ್ದವನ್ನು ಮೇಲಕ್ಕೆತ್ತಿದಳು. ಹಲ್ಲಿಗೆ ಹಲ್ಲು ತಾಗಿತು.

ಅವನ ಹುಬ್ಬು ಗಂಟಿಕ್ಕಿತು. ನಾಲಿಗೆ ಕೆನ್ನೆಯೊಳಗೆ ಎಡಕ್ಕೆ ಹರಿದದ್ದು ನಾನು ಕೂತಲ್ಲಿಗೇ ಕಂಡಿತು. ಈ ಸಲ ಅವನೇ ಕಚ್ಚಿದ. ಟಕ್. ಮತ್ತೊಮ್ಮೆ ಟಕ್. ಕಣ್ಣು ಚಾವಣಿಯಿಂದ ಇಳಿದು ಅಕ್ಕನ ಕೈಗವಸಿನ ಮೇಲೆ ಬಂತು. ಐದು ದಿನದಿಂದ ಕೆಳಗಿನ ಹಲ್ಲಿಲ್ಲದೆ ಬೇಯಿಸಿದ್ದನ್ನೇ ನುಂಗಿ ನುಂಗಿ ಅವನ ತಾಳ್ಮೆ ಮುಗಿದಿತ್ತೋ ಏನೋ.

“ಎಡಗಡೆ ಎತ್ತರ ಇದೆ,” ಎಂದ. ಅದೇ ದನಿ. ಟಿ.ವಿ.ಯ ದನಿ. “ಇಳಿಸು.”

ನ್ಯಾಯಾಧೀಶೆ ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು.

ಆ ಹಲ್ಲನ್ನು ಅಕ್ಕ ಬೇಕೆಂದೇ ಎತ್ತರ ಮಾಡಿದ್ದಳೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ನಾನೂ ಕೇಳಿದೆ. ಇಲ್ಲ. ಹಲ್ಲು ಇರಬೇಕಾದ ಎತ್ತರಕ್ಕೇ ಇತ್ತು. ವರ್ಷವಿಡೀ ಕದ್ದು ಅಗಿದು ಸವೆಸಿಕೊಂಡವನಿಗೆ, ಸವೆದದ್ದೇ ಅಭ್ಯಾಸವಾದವನಿಗೆ, ಸರಿಯಾದದ್ದು ಎತ್ತರ ಎನಿಸಿತು. ಟ್ಯೂಬಿನಲ್ಲೇ ಕುಡಿದಿದ್ದರೆ ಅವನಿಗೆ ಏನೂ ಅನಿಸುತ್ತಿರಲಿಲ್ಲ.

ಇಳಿಸು ಎಂದದ್ದೇ ತಡ, ಅಕ್ಕನ ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಗಿತ್ತು. ಯಾರು ಹಲ್ಲು ಎತ್ತರವಾಯಿತು ಎಂದರೂ ಅದು ಹಾಗೇ ಹೋಗುತ್ತದೆ. ಹಲ್ಲು ಉಜ್ಜಿ ತಗ್ಗಿಸುವ ಬೆರಳಷ್ಟುದ್ದದ ಸಣ್ಣ ಅರ ಹೊರಗೆ ಬಂತು. ಹಲ್ಲು ತೆಗೆಸಲು ಅವನು ಬಾಯಿ ತೆರೆದ. ಅಲ್ಲಿಗೆ ಅಕ್ಕನ ಕೈ ನಿಂತಿತು.

“ಇಳಿಸ್ತೀನಿ,” ಎಂದಳು. ದನಿ ಕೊನೆಯ ಬೆಂಚಿಗೂ ಕೇಳಿಸುವಷ್ಟಿತ್ತು. “ನನ್ನ ಗಂಡನ್ನ ಎಲ್ಲಿ ಹೂಳಿಸಿದೆ? ಮೊದಲು ಅದನ್ನ ಹೇಳು.”

ಅವನು ಬಾಯಿ ಮುಚ್ಚಿದ. ಈ ಸಲ ಕಾಯಿಲೆಯವನ ಹಾಗೆ ಜೋಲು ಬಿಡಲಿಲ್ಲ, ತುಟಿ ಬಿಗಿಹಿಡಿದು ಮುಚ್ಚಿದ. ಅವನ ವಕೀಲ ಕುರ್ಚಿ ಹುಡುಕಿಕೊಂಡು ಕೂತ. ಆರೋಪಿಗೆ ಅರಿವಿದ್ದು, ಮಾತಿದ್ದು, ವಿಚಾರಣೆ ಎದುರಿಸಲು ಶಕ್ತನಿದ್ದಾನೆ ಎಂದು ನ್ಯಾಯಾಧೀಶೆ ಬರೆಸಿದರು. ಒಂಬತ್ತು ಹೆಂಗಸರಲ್ಲಿ ಒಬ್ಬಾಕೆ, ಮೂವತ್ತು ವರ್ಷದಿಂದ ಅಕ್ಕನ ಜೊತೆ ಮಾತು ಬಿಟ್ಟಾಕೆ, ಎದ್ದು ಬಂದು ಅಕ್ಕನ ಭುಜ ಹಿಡಿದುಕೊಂಡು ಜೋರಾಗಿ ಅತ್ತಳು. ಪೇದೆಗಳು ಸುಮ್ಮನಿರಿ ಎಂದರು. ನೀವು ಸುಮ್ಮನಿರಿ ಎಂದೆ ನಾನು.

ಇದಾಗಿ ನಾಲ್ಕು ತಿಂಗಳು. ಎಂಟು ಸಲ ವಿಚಾರಣೆ ನಡೆದಿದೆ. ಟ್ಯೂಬು ಹೋಗಿದೆ, ಗಾಲಿಕುರ್ಚಿ ಇನ್ನೂ ಇದೆ. ಡಿಪೋ ಎಂದರೆ ನೆನಪಿಲ್ಲ ಎನ್ನುತ್ತಾನೆ, ಲಾರಿ ಎಂದರೆ ನೆನಪಿಲ್ಲ. ಹಲ್ಲು ಎಳ್ಳಿನಷ್ಟು ಎತ್ತರವಾದದ್ದು ಎರಡೇ ಕಡಿತಕ್ಕೆ ತಿಳಿಯುವವನಿಗೆ ನಲವತ್ತೊಂದು ಹೆಣ ನೆನಪಿಲ್ಲವಂತೆ.

ಆ ಹಲ್ಲು ಹಾಗೇ ಇದೆ. ಅದನ್ನು ಇಳಿಸುವುದು ಐದು ನಿಮಿಷದ ಕೆಲಸ, ಊರಲ್ಲಿ ಹಲ್ಲು ಕಟ್ಟುವವರು ಹನ್ನೊಂದು ಜನರಿದ್ದಾರೆ. ಬಂಗಲೆಯಿಂದ ಹನ್ನೊಂದೂ ಜನರಿಗೆ ಹೇಳಿ ಕಳಿಸಿದ್ದಾರೆ. ಒಬ್ಬರಿಗೂ ಪುರುಸೊತ್ತಿಲ್ಲವಂತೆ. ಒಬ್ಬನ ಮನೆಯಲ್ಲಿ ಕರೆಂಟಿಲ್ಲ, ಒಬ್ಬನ ಕೈ ಉಳುಕಿದೆ, ಒಬ್ಬನಂತೂ ನನಗೆ ಹಲ್ಲಿನ ಕೆಲಸವೇ ಬರುವುದಿಲ್ಲ ಎಂದನಂತೆ. ಇದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

“ಬಾಯಿಗೆ ನೋವು ಕೊಡಬಾರದು ಕಣೇ,” ಎಂದಳು. “ಹೇಳಿದ ದಿನ ಅಲ್ಲೇ ನಿಂತು ಇಳಿಸಿಕೊಡ್ತೀನಿ.”

ಪ್ರತಿ ವಿಚಾರಣೆಗೂ ಅವಳು ಮೊದಲ ಬೆಂಚಿನಲ್ಲಿ, ಅವನಿಗೆ ಕಾಣುವ ಹಾಗೆ, ಅರವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಎಂಟು ಸಲವೂ ಅವನು ಹೇಳಲಿಲ್ಲ. ಎಂಟು ಸಲವೂ ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.